ಏರಿತಾ, ಏರಿಸಿದರಾ? ಇಂಗ್ಲಿಷಿನ ಏಳು-ಬೀಳು ಪದಗಳ ಜೊತೆ ಅರ್ಧ ಗಂಟೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತು ಎರಡು ವಾಕ್ಯಗಳಿಂದ ಶುರು ಮಾಡೋಣ. ಒಂದು: ‘ಪೆಟ್ರೋಲ್ ದರ ಏರಿತು.’ ಇನ್ನೊಂದು: ‘ಪೆಟ್ರೋಲ್ ದರ ಏರಿಸಿದರು.’

ಎರಡೂ ಒಂದೇ ಸುದ್ದಿ. ಬಂಕಿನಲ್ಲಿ ಕೊಡೋ ದುಡ್ಡೂ ಒಂದೇ. ಆದರೆ ಮೊದಲನೇ ವಾಕ್ಯದಲ್ಲಿ ದರ ಅನ್ನೋದು ಬೆಳಗ್ಗೆ ತಾನಾಗೇ ಎದ್ದು ಮೆಟ್ಟಿಲು ಹತ್ತಿಕೊಂಡು ಹೋದ ಹಾಗಿದೆ. ಎರಡನೇದರಲ್ಲಿ ಯಾರೋ ಅದನ್ನು ಹಿಡಿದು ಮೇಲೆ ಇಟ್ಟಿದ್ದಾರೆ. ಯಾರು ಅಂತ ಹೇಳಿಲ್ಲ, ಆದ್ರೆ ಯಾರೋ ಇದ್ದಾರೆ ಅನ್ನೋದು ಗೊತ್ತಾಗುತ್ತೆ.

2024ರ ಜೂನ್ 15ಕ್ಕೆ ಕರ್ನಾಟಕದಲ್ಲಿ ಪೆಟ್ರೋಲ್ ಲೀಟರಿಗೆ 3 ರೂಪಾಯಿ, ಡೀಸೆಲ್ ಮೂರೂವರೆ ರೂಪಾಯಿ ಜಾಸ್ತಿ ಆಯ್ತು. ನಮ್ಮೂರು ಮಾಜಾಳಿ. ಕಾರವಾರ ತಾಲೂಕು. ಮಂಗಳೂರಿನ ಕಡೆಯಿಂದ ಬಂದರೆ ಕರ್ನಾಟಕದ ಕಟ್ಟಕಡೆಯ ಊರು, ಗೋವಾದಿಂದ ಬಂದರೆ ಮೊದಲನೇ ಊರು. ಚೆಕ್‌ಪೋಸ್ಟ್ ದಾಟಿದ್ರೆ ಪೋಳೆಂ. ಅಲ್ಲಿ ಪೆಟ್ರೋಲ್ ಅಗ್ಗ ಅಂತ ನಮ್ಮ ಕಡೆಯವರು ಬೈಕು ತಗೊಂಡು ಗಡಿ ದಾಟಿ ಟ್ಯಾಂಕ್ ತುಂಬಿಸಿಕೊಂಡು ಬರೋದು ಹೊಸದೇನಲ್ಲ. ಅಂಥ ಊರಲ್ಲಿ ನಿಂತು ನೋಡಿದರೆ ‘ದರ ಏರಿತು’ ಅನ್ನೋ ಮಾತು ತಮಾಷೆಯಾಗಿ ಕಾಣುತ್ತೆ. ಅದೇ ಕಂಪನಿಯ ಪೆಟ್ರೋಲ್, ಅದೇ ಹೆದ್ದಾರಿ 66. ಗಡಿಯ ಈಚೆ ಏರಿತು, ಆಚೆ ಏರಲಿಲ್ಲ. ತಾನಾಗೇ ಏರೋದಾಗಿದ್ದರೆ ಗಡಿ ಅದಕ್ಕೆ ಹೇಗೆ ಗೊತ್ತಾಗಬೇಕು? ಏರಿದ್ದಲ್ಲ, ಏರಿಸಿದ್ದು. ರಾಜ್ಯ ಸರ್ಕಾರ ಮಾರಾಟ ತೆರಿಗೆ ಹೆಚ್ಚಿಸಿತ್ತು. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಸರ್ಕಾರಕ್ಕೂ ತನ್ನ ಕಾರಣ ಇತ್ತು. ನಾನು ಕೇಳ್ತಿರೋದು ಕ್ರಿಯಾಪದದ ಬಗ್ಗೆ ಮಾತ್ರ.

ಇಂಗ್ಲಿಷಿನಲ್ಲಿ ಈ ಎರಡು ವಾಕ್ಯಗಳ ವ್ಯತ್ಯಾಸ ಒಂದೇ ಒಂದು ಸ್ವರದಲ್ಲಿ ಅಡಗಿದೆ. ರೈಝ್ ಮತ್ತು ರೇಝ್. ಅನ್ನದ ರೈಸ್ ಅಲ್ಲ, ಓಟದ ರೇಸೂ ಅಲ್ಲ, ಕೊನೆಗೆ ಝ್ ಬರಬೇಕು. ಅದಕ್ಕೇ ಈ ಬರಹದಲ್ಲೂ ಹಾಗೇ ಹಾಕಿದ್ದೇವೆ. ರೈಝ್ ಅಂದ್ರೆ ಏರು, ಏಳು. ರೇಝ್ ಅಂದ್ರೆ ಏರಿಸು, ಎತ್ತು, ಎಬ್ಬಿಸು.

ಪರೀಕ್ಷೆಗೆ ಓದುವವರಿಗೆ ಇದನ್ನು ‘ಇನ್‌ಟ್ರಾನ್ಸಿಟಿವ್, ಟ್ರಾನ್ಸಿಟಿವ್’ ಅಂತ ಹೇಳಿಕೊಡ್ತಾರೆ. ಆ ಎರಡು ಪದ ಕೇಳಿದ ಕೂಡಲೇ ಅರ್ಧ ಕ್ಲಾಸು ನಿದ್ದೆಗೆ ಜಾರುತ್ತೆ. ನಿಜ ಹೇಳಬೇಕಂದ್ರೆ ಕನ್ನಡದವರಿಗೆ ಇದು ಕಷ್ಟವೇ ಅಲ್ಲ, ಹುಟ್ಟಾ ಬರುವ ವಿದ್ಯೆ. ಏರು, ಏರಿಸು. ಇಳಿ, ಇಳಿಸು. ಬೀಳು, ಬೀಳಿಸು. ಏಳು, ಎಬ್ಬಿಸು. ಕೂರು, ಕೂರಿಸು. ‘ಇಸು’ ಅಂತ ಒಂದು ಬಾಲ ಅಂಟಿಸಿದ್ರೆ ಸಾಕು, ತಾನೇ ಮಾಡೋ ಕೆಲಸ ಇನ್ನೊಬ್ಬರಿಂದ ಮಾಡಿಸೋ ಕೆಲಸ ಆಗುತ್ತೆ. ಅಂಗನವಾಡಿ ಮಗು ಕೂಡ ‘ನಾ ಬಿದ್ದಿಲ್ಲ, ಇವ ಬೀಳಿಸ್ದ’ ಅನ್ನುತ್ತೆ. ವ್ಯಾಕರಣ ಗೊತ್ತಿಲ್ಲ, ದೂರು ಗೊತ್ತು.

ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ಸಾವಿರಾರು ವರ್ಷದ ಹಿಂದೆ ನಮ್ಮ ‘ಇಸು’ ಥರದ್ದೇ ಒಂದು ಬಾಲ ಇತ್ತು. ಅದು ಪದದ ಒಳಗಿನ ಸ್ವರವನ್ನು ಎಳೆದು ಬದಲಿಸ್ತಿತ್ತು. ಕಾಲ ಕಳೆದ ಹಾಗೆ ಬಾಲ ಉದುರಿಹೋಯ್ತು, ಸ್ವರದ ಮೇಲಿನ ಗುರುತು ಮಾತ್ರ ಉಳೀತು. ಆ ಗುರುತುಗಳೇ ಇವತ್ತಿನ ಜೋಡಿಗಳು: ರೈಝ್–ರೇಝ್, ಸಿಟ್–ಸೆಟ್, ಲೈ–ಲೇ, ಫಾಲ್–ಫೆಲ್. ಇದರಲ್ಲಿ ರೇಝ್ ಅನ್ನೋದು ಇಂಗ್ಲೆಂಡಿಗೆ ಸ್ಕ್ಯಾಂಡಿನೇವಿಯಾದವರ ಭಾಷೆಯಿಂದ ಬಂದಿದ್ದು. ಇಂಗ್ಲಿಷಿನ ಸ್ವಂತ ರೂಪ ರಿಯರ್. ಮಕ್ಕಳನ್ನು ಸಾಕಿ ಬೆಳೆಸೋದಕ್ಕೆ ಅವರು ಇವತ್ತಿಗೂ ರಿಯರ್ ಅಂತಲೂ ಅಂತಾರೆ, ರೇಝ್ ಅಂತಲೂ ಅಂತಾರೆ. ಎರಡೂ ಒಂದೇ ಬೇರಿನ ಅಕ್ಕ-ತಂಗಿ.

ಫಾಲ್–ಫೆಲ್ ಜೋಡಿಯಲ್ಲಿ ಒಂದು ಗುಂಡಿ ಇದೆ, ಅಲ್ಲಿ ತುಂಬಾ ಜನ ಕಾಲು ಹಾಕ್ತಾರೆ. ಫಾಲ್ ಅಂದ್ರೆ ಬೀಳು. ಅದರ ಭೂತಕಾಲ ಫೆಲ್, ಬಿತ್ತು. ಆದರೆ ಫೆಲ್ ಅಂತ ಇನ್ನೊಂದು ಪೂರ್ತಿ ಕ್ರಿಯಾಪದವೇ ಇದೆ, ಅದರ ಅರ್ಥ ಬೀಳಿಸು, ಮರ ಕಡಿದು ಉರುಳಿಸು. ಅದರ ಭೂತಕಾಲ ಫೆಲ್ಡ್. ‘ದಿ ಟ್ರೀ ಫೆಲ್’ ಅಂದ್ರೆ ಮರ ಬಿತ್ತು. ‘ದೇ ಫೆಲ್ಡ್ ದಿ ಟ್ರೀ’ ಅಂದ್ರೆ ಮರ ಕಡಿದರು. ನಮ್ಮ ಜಿಲ್ಲೆಯವರಿಗೆ ಈ ವ್ಯತ್ಯಾಸ ಪುಸ್ತಕದ್ದಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರಲ್ಲ, ಅಪ್ಪಿಕೋ ಚಳವಳಿ, ಅದು ನಿಲ್ಲಿಸಿದ್ದು ಫೆಲ್ಲಿಂಗನ್ನು. ಗಾಳಿಗೆ ಬೀಳೋ ಮರವನ್ನು ಯಾರೂ ಅಪ್ಪಿಕೊಂಡು ನಿಲ್ಲಿಸೋಕೆ ಹೋಗಿರಲಿಲ್ಲ. ಅರಣ್ಯ ಇಲಾಖೆಯ ಕಾಗದದಲ್ಲಿ ಇವತ್ತಿಗೂ ‘ಫಾಲನ್ ಟ್ರೀ’ ಬೇರೆ, ‘ಫೆಲ್ಡ್ ಟ್ರೀ’ ಬೇರೆ. ಒಂದಕ್ಕೆ ಗಾಳಿ-ಮಳೆ ಕಾರಣ. ಇನ್ನೊಂದಕ್ಕೆ ಅನುಮತಿ ಬೇಕು, ಇಲ್ಲಾಂದ್ರೆ ಕೇಸು.

ಈ ಕಂತು ಮಾಡೋಕೆ ಕಾರಣ ಆಗಿದ್ದು ಗೋವಾದ ಆಫೀಸೊಂದರಲ್ಲಿ ಕೆಲಸ ಮಾಡುವ ನಮ್ಮೂರಿನ ಒಬ್ಬಳು ಹುಡುಗಿಯ ಪ್ರಶ್ನೆ. ‘ದಾದಾ, ದಿನಾ ಟಿಕೆಟ್ ರೇಝ್ ಮಾಡು, ಇನ್‌ವಾಯ್ಸ್ ರೇಝ್ ಮಾಡು ಅಂತಾರೆ. ಅದೇ ನಾನು ಮೇಲ್‌ನಲ್ಲಿ ‘ಮೈ ಸ್ಯಾಲರಿ ಹ್ಯಾಸ್ ನಾಟ್ ರೇಝ್ಡ್ ಫಾರ್ ಟೂ ಯಿಯರ್ಸ್’ ಅಂತ ಬರೆದ್ರೆ ಇಂಗ್ಲಿಷ್ ತಪ್ಪು, ‘ಹ್ಯಾಸ್ ನಾಟ್ ರಿಸನ್’ ಅಂತ ತಿದ್ದಿಕೋ ಅಂದ್ರು’ ಅಂದಳು.

ತಿದ್ದಿದ್ದು ವ್ಯಾಕರಣದ ಪ್ರಕಾರ ಸರಿಯಾಗೇ ಇದೆ. ಸಂಬಳ ತಾನು ಯಾವುದನ್ನೂ ಎತ್ತಲ್ಲ, ಹಾಗಾಗಿ ‘ಸ್ಯಾಲರಿ ಹ್ಯಾಸ್ ರೇಝ್ಡ್’ ಆಗಲ್ಲ. ಆದ್ರೆ ಸರಿ ಮಾಡೋಕೆ ದಾರಿ ಒಂದೇ ಅಲ್ಲ, ಎರಡಿದೆ. ‘ಹ್ಯಾಸ್ ನಾಟ್ ರಿಸನ್’, ಸಂಬಳ ಏರಿಲ್ಲ. ‘ಹ್ಯಾಸ್ ನಾಟ್ ಬೀನ್ ರೇಝ್ಡ್’, ಸಂಬಳ ಏರಿಸಿಲ್ಲ. ಮೊದಲನೇದು ಹವಾಮಾನ ವರದಿ. ಎರಡನೇದು ಅರ್ಜಿ. ಅವಳಿಗೆ ಬೇಕಾಗಿದ್ದು ಎರಡನೇದು. ತಿದ್ದಿದವರು ಕೊಟ್ಟಿದ್ದು ಮೊದಲನೇದು. ಬೇಕಂತಲೇ ಹಾಗೆ ಮಾಡಿದರು ಅಂತ ನಾನು ಹೇಳಲ್ಲ. ಆದರೂ ತಿದ್ದುಪಡಿ ಯಾರಿಗೆ ಅನುಕೂಲ ಆಯ್ತು ನೋಡಿ.

ನಮ್ಮಲ್ಲಿ ಸಂಬಳ ಜಾಸ್ತಿ ಆಗೋದಕ್ಕೆ ‘ಹೈಕ್’ ಅಂತೀವಿ. ಬ್ರಿಟಿಷರು ಅದಕ್ಕೆ ‘ಎ ರೈಝ್’ ಅಂತಾರೆ, ಅಮೆರಿಕದವರು ‘ಎ ರೇಝ್’ ಅಂತಾರೆ. ಒಬ್ಬರ ಸಂಬಳ ಏರುತ್ತೆ, ಇನ್ನೊಬ್ಬರದನ್ನು ಏರಿಸ್ತಾರೆ. ಅಂದಹಾಗೆ ‘ಅಪ್ರೈಸಲ್’ ಅನ್ನೋ ಪದದಲ್ಲಿ ರೈಝೂ ಇಲ್ಲ, ರೇಝೂ ಇಲ್ಲ. ಅದು ಪ್ರೈಸ್, ಅಂದ್ರೆ ಬೆಲೆ ಅನ್ನೋ ಪದದ ಕುಟುಂಬ. ಬೆಲೆ ಕಟ್ಟೋದು. ಏರಿಸ್ತೀವಿ ಅಂತ ಅದರಲ್ಲಿ ಎಲ್ಲೂ ಮಾತು ಕೊಟ್ಟಿಲ್ಲ.

ಕಿವಿಗೆ ಮೋಸ ಮಾಡೋ ಇನ್ನೊಂದು ರೇಝ್ ಇದೆ. ಸ್ಪೆಲ್ಲಿಂಗ್ ಬೇರೆ, ಉಚ್ಚಾರ ಅದೇ. ಅರ್ಥ ಪೂರ್ತಿ ಉಲ್ಟಾ: ನೆಲಸಮ ಮಾಡು. ‘ದೇ ರೇಝ್ಡ್ ದಿ ಬಿಲ್ಡಿಂಗ್’ ಅಂತ ಬರೀ ಕಿವಿಯಲ್ಲಿ ಕೇಳಿದ್ರೆ ಕಟ್ಟಡ ಎತ್ತರಿಸಿದರೋ, ಕೆಡವಿದರೋ ಹೇಳೋಕೆ ಬರಲ್ಲ. ಇಂಥದ್ದೇ ಒಂದು ನಮ್ಮ ‘ಎಬ್ಬಿಸು’ನಲ್ಲೂ ಇದೆ. ಮಗುವನ್ನು ಎಬ್ಬಿಸಿದೆ ಅಂದ್ರೆ ನಿದ್ದೆಯಿಂದ. ಊರನ್ನು ಎಬ್ಬಿಸಿದರು ಅಂದ್ರೆ? ಕಾರವಾರದವರನ್ನು ಕೇಳಿ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ಶುರುವಾಯ್ತು. ಅಲ್ಲಿರುವ ಶಿಪ್‌ಲಿಫ್ಟ್ ಹಡಗನ್ನು ನೀರಿಂದ ಎತ್ತಿ ದಡಕ್ಕೆ ತಂದು ರಿಪೇರಿಗೆ ಇಡುತ್ತೆ. ಭಾರತದಲ್ಲಿ ಅಂಥದ್ದು ಮೊದಲನೇದು. ‘ಲಿಫ್ಟ್’ ಅನ್ನೋದೂ ಸ್ಕ್ಯಾಂಡಿನೇವಿಯಾದ ಪದವೇ, ಮೂಲದಲ್ಲಿ ಗಾಳಿ, ಆಕಾಶ ಅಂತ ಅರ್ಥ. ಆ ನೆಲೆಗಾಗಿ ಕಾರವಾರದಿಂದ ಅಂಕೋಲೆಯ ತನಕ ಕಡಲದಂಡೆಯ ಹಲವು ಊರುಗಳ ಜನ ಎದ್ದು ಹೋಗಬೇಕಾಯ್ತು. ಎದ್ದರು ಅನ್ನೋರೂ ಇದ್ದಾರೆ, ಎಬ್ಬಿಸಿದರು ಅನ್ನೋರೂ ಇದ್ದಾರೆ. ಯಾರು ಯಾವ ಪದ ಬಳಸ್ತಾರೆ ಅನ್ನೋದರಲ್ಲೇ ಅವರ ಮನೆ ಎಲ್ಲಿತ್ತು ಅಂತ ಅಂದಾಜು ಮಾಡಬಹುದು.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಫೋನಿನ ಕ್ಯಾಲ್ಕುಲೇಟರ್ ಸಾಕು.

ಏರೋ ಇಳಿಯೋ ಪದಗಳ ಪಕ್ಕದಲ್ಲಿ ಕೂತಿರೋ ಎರಡು ಸಣ್ಣ ಪದ ಗಮನಿಸಿ: ಬೈ ಮತ್ತು ಟು. ‘ರೋಸ್ ಬೈ ಟೆನ್’ ಅಂದ್ರೆ ಹತ್ತರಷ್ಟು ಏರಿತು. ‘ರೋಸ್ ಟು ಟೆನ್’ ಅಂದ್ರೆ ಹತ್ತಕ್ಕೆ ಏರಿತು. ಕನ್ನಡದಲ್ಲಿ ‘ರಷ್ಟು’ ಮತ್ತು ‘ಕ್ಕೆ’ ಈ ಕೆಲಸ ಮಾಡುತ್ತೆ. ವಾಟ್ಸಾಪಲ್ಲಿ ಇಂಗ್ಲಿಷ್ ಮೆಸೇಜನ್ನು ಗಡಿಬಿಡಿಯಲ್ಲಿ ಕನ್ನಡ ಮಾಡಿ ಕಳಿಸುವಾಗ ಇದೇ ಮೊದಲು ಕಳೆದುಹೋಗೋದು. ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ಕಾಳಿಗೆ ನೀರು ಬಿಡ್ತಾರೆ ಅಂತಿಟ್ಟುಕೊಳ್ಳಿ. ಹೊರಹರಿವು 30 ಸಾವಿರ ಕ್ಯೂಸೆಕ್ಸ್ ಇದ್ದಿದ್ದು ‘40 ಸಾವಿರಕ್ಕೆ ಏರಿದೆ’ ಅನ್ನೋದು ಒಂದು. ‘40 ಸಾವಿರದಷ್ಟು ಏರಿದೆ’ ಅನ್ನೋದು ಇನ್ನೊಂದು, ಆಗ ಒಟ್ಟು 70 ಸಾವಿರ. ನದಿ ಪಕ್ಕದ ಮನೆಯವರು ಸಾಮಾನು ಅಟ್ಟಕ್ಕೆ ಹಾಕಬೇಕೋ, ಮನೆಯನ್ನೇ ಬಿಡಬೇಕೋ ಅನ್ನೋದು ಆ ಒಂದು ಪ್ರತ್ಯಯದ ಮೇಲೆ ನಿಂತಿರುತ್ತೆ.

ಎರಡನೇದು ಶೇಕಡಾ. ಆ ಜೂನ್ 15ರ ತೆರಿಗೆಯನ್ನೇ ತಗೊಳ್ಳಿ. ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92 ಇದ್ದಿದ್ದು ಶೇ 29.84 ಆಯ್ತು. ಎಷ್ಟು ಏರಿತು? ‘ಹೆಚ್ಚುಕಮ್ಮಿ ನಾಲ್ಕು’ ಅಂದರೂ ಸರಿ, ‘ಶೇಕಡಾ ಹದಿನೈದು’ ಅಂದರೂ ಸರಿ. ಕಳೆದರೆ 3.92, ಇದನ್ನು ಪರ್ಸೆಂಟೇಜ್ ಪಾಯಿಂಟ್ ಅಂತಾರೆ. ಆ 3.92ನ್ನು ಹಳೇ 25.92ಕ್ಕೆ ಹೋಲಿಸಿದ್ರೆ ಶೇ 15. ಸರ್ಕಾರದ ಪರ ಮಾತಾಡೋರು ಮೊದಲನೇ ಸಂಖ್ಯೆ ಹೇಳ್ತಾರೆ, ವಿರೋಧ ಪಕ್ಷದವರು ಎರಡನೇದು ಹೇಳ್ತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರವರಿ ತನಕ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತು. ‘ಎರಡೂವರೆ ಪಾಯಿಂಟ್’ ಅಂದ್ರೆ ಸಣ್ಣದಾಗಿ ಕೇಳುತ್ತೆ. ‘ಶೇ 62.5 ಏರಿಕೆ’ ಅಂದ್ರೆ ಎದೆ ಧಸಕ್ಕನ್ನುತ್ತೆ. ಮನೆ ಸಾಲದ ಕಂತು ಕಟ್ಟೋರಿಗೆ ಯಾವ ಸಂಖ್ಯೆ ನಿಜ ಅನ್ನಿಸಿತು ಅಂತ ಅವರನ್ನೇ ಕೇಳಿ.

ಮೂರನೇದು ನನ್ನ ಪ್ರಕಾರ ಇಡೀ ಕಂತಿನಲ್ಲೇ ಮುಖ್ಯವಾದದ್ದು. ‘ಇನ್‌ಫ್ಲೇಶನ್ ಫಾಲ್ಸ್.’ ಹಣದುಬ್ಬರ ಇಳಿಯಿತು. ಈ ಸುದ್ದಿ ಬಂದ ದಿನ ಮನೇಲಿ ಅಮ್ಮ ‘ಎಲ್ಲಿ ಇಳಿದಿದೆ? ತೆಂಗಿನೆಣ್ಣೆ ಇಳಿದಿದೆಯಾ, ಅಕ್ಕಿ ಇಳಿದಿದೆಯಾ?’ ಅಂತ ಕೇಳ್ತಾರಲ್ಲ, ಆ ಪ್ರಶ್ನೆ ಸರಿಯಾಗಿದೆ. ಯಾಕಂದ್ರೆ ಇಳಿದಿದ್ದು ಬೆಲೆ ಅಲ್ಲ. ಬೆಲೆ ಏರುವ ವೇಗ.

ಕಾರವಾರದಿಂದ ಹುಬ್ಬಳ್ಳಿ ಬಸ್ಸಲ್ಲಿ ಹೋದವರಿಗೆ ಇದು ಸುಲಭ. ಅಂಕೋಲೆ ದಾಟಿ ಅರಬೈಲ್ ಘಟ್ಟ ಹತ್ತುವಾಗ ಎದುರು ಒಂದು ಲೋಡ್ ಲಾರಿ ಸಿಗುತ್ತೆ. ಡ್ರೈವರ್ ಗೇರ್ ಇಳಿಸ್ತಾನೆ, ವೇಗ ನಲವತ್ತರಿಂದ ಇಪ್ಪತ್ತಕ್ಕೆ ಬೀಳುತ್ತೆ. ವೇಗ ಬಿತ್ತು, ನಿಜ. ಬಸ್ಸು ಕೆಳಗೆ ಇಳೀತಾ ಇದೆಯಾ? ಇಲ್ಲ, ಘಟ್ಟ ಹತ್ತುತ್ತಲೇ ಇದೆ, ನಿಧಾನಕ್ಕೆ. 2022ರ ಏಪ್ರಿಲ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 7.79 ಇತ್ತು. 2024ರ ಜುಲೈಯಲ್ಲಿ ಶೇ 3.54 ಅಂತ ಪ್ರಕಟವಾಯ್ತು. ಅರ್ಧಕ್ಕಿಂತ ಕಡಿಮೆ. ದೊಡ್ಡ ‘ಫಾಲ್’. ಆದ್ರೆ ಅರ್ಥ ಏನು? ಅದರ ಹಿಂದಿನ ಜುಲೈಯಲ್ಲಿ 100 ರೂಪಾಯಿಗೆ ಬರ್ತಿದ್ದ ಸಾಮಾನಿಗೆ ಈ ಜುಲೈಯಲ್ಲಿ 103 ರೂಪಾಯಿ 54 ಪೈಸೆ. ಮೊದಲು ಏರಿದ್ದು ಯಾವುದೂ ವಾಪಸ್ ಬರಲಿಲ್ಲ, ಅದರ ಮೇಲೆ ಇದು. ಬೆಲೆಗಳೇ ಇಳಿಯೋದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದ ಇದೆ, ಡಿಫ್ಲೇಶನ್. ಬಸ್ಸು ಘಟ್ಟದಿಂದ ಹಿಂದಕ್ಕೆ ಜಾರಿದ ಹಾಗೆ. ಅದೂ ಒಳ್ಳೆಯದಲ್ಲ ಅಂತ ಅರ್ಥಶಾಸ್ತ್ರದವರು ಹೇಳ್ತಾರೆ, ಅದು ಇನ್ನೊಂದು ಕಂತಿನ ವಿಷಯ.

ರೂಪಾಯಿ ಇನ್ನೂ ಮಜಾ. 2022ರ ಜುಲೈಯಲ್ಲಿ ಡಾಲರಿಗೆ 80 ರೂಪಾಯಿ ದಾಟಿದಾಗ ‘ರುಪೀ ಫಾಲ್ಸ್ ಟು 80’ ಅಂತ ಬಂತು. ಸಂಖ್ಯೆ ಮೇಲೆ ಹೋಗ್ತಿದೆ, ಪದ ಕೆಳಗೆ ಹೋಗ್ತಿದೆ. ಒಂದು ಡಾಲರ್ ಕೊಳ್ಳೋಕೆ ಜಾಸ್ತಿ ರೂಪಾಯಿ ಬೇಕು ಅಂದ್ರೆ ರೂಪಾಯಿಯ ತೂಕ ಇಳಿದಿದೆ ಅಂತ. ಹಡಗಿನಲ್ಲಿ ಕೆಲಸ ಮಾಡಿ ಡಾಲರ್ ಸಂಬಳ ತರೋ ಮನೆಗೆ ಅದೇ ‘ಫಾಲ್’ ಹಬ್ಬ. ವಿದೇಶದಲ್ಲಿ ಓದೋ ಮಗನಿಗೆ ಫೀಸು ಕಟ್ಟೋ ಮನೆಗೆ ಅಲ್ಲ. ಇಲ್ಲೂ ನಮ್ಮ ಜೋಡಿ ಮತ್ತೆ ಸಿಗುತ್ತೆ. ಮಾರುಕಟ್ಟೆಯಲ್ಲಿ ರೂಪಾಯಿ ತಾನಾಗಿ ಇಳಿದ್ರೆ ಡಿಪ್ರಿಶಿಯೇಟ್. ಸರ್ಕಾರ ಕೂತು ಇಳಿಸಿದ್ರೆ ಡಿವ್ಯಾಲ್ಯೂ. 1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ತಂದಿತು. ಅದು ಇಳಿದಿದ್ದಲ್ಲ, ಇಳಿಸಿದ್ದು. ಆಗಿನ ಕಾಲದಲ್ಲಿ ಯಾರು ಅಂತ ಕೇಳೋ ಪ್ರಶ್ನೆಯೇ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸಾಕು ಲೆಕ್ಕ. ಸ್ವಲ್ಪ ಕಡಲ ಕಡೆ ಹೋಗೋಣ.

ನಮ್ಮಲ್ಲಿ ಮನೆ ಮಾತು ಕೊಂಕಣಿ, ಶಾಲೆ ಮಾತು ಕನ್ನಡ. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯೋದಕ್ಕೆ ಕನ್ನಡದಲ್ಲಿ ಉಬ್ಬರ, ಇಳಿತ. ಉಬ್ಬರ ಅಂದ್ರೆ ಉಬ್ಬೋದು, ದೋಸೆ ಹಿಟ್ಟಿನ ಹಾಗೆ. ಕೊಂಕಣಿಯಲ್ಲಿ ಭರತಿ, ಸುಕತಿ. ಅಲ್ಲಿ ಏರೋದೂ ಇಲ್ಲ, ಇಳಿಯೋದೂ ಇಲ್ಲ: ತುಂಬುತ್ತೆ, ಒಣಗುತ್ತೆ. ದಡದಲ್ಲಿ ದೋಣಿ ಇಟ್ಟುಕೊಂಡವರ ಕಣ್ಣಿಂದ ಹುಟ್ಟಿದ ಪದಗಳು ಅನ್ನಿಸುತ್ತೆ ನನಗೆ. ಇಂಗ್ಲಿಷಿನ ‘ಟೈಡ್’ಗೆ ಮೂಲದಲ್ಲಿ ನೀರಿನ ಸಂಬಂಧವೇ ಇಲ್ಲ. ಅದು ಸಮಯ ಅನ್ನೋ ಅರ್ಥದ ಪದ. ಹೊತ್ತಿಗೆ ಸರಿಯಾಗಿ ಬರೋದು, ಅದಕ್ಕೇ ಟೈಡ್. ದಿನಕ್ಕೆ ಸುಮಾರು ಐವತ್ತು ನಿಮಿಷ ತಡ ಆಗ್ತಾ ಹೋಗುತ್ತೆ, ಆದರೆ ತಪ್ಪಲ್ಲ.

ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಅವರು ‘ಸ್ಪ್ರಿಂಗ್ ಟೈಡ್’ ಅಂತಾರೆ. ವಸಂತ ಋತು ಅಂತ ತಿಳಿಯಬೇಡಿ. ಸ್ಪ್ರಿಂಗ್ ಅಂದ್ರೆ ಚಿಮ್ಮು, ನೆಗೆ. ನೀರಿನ ಬುಗ್ಗೆಗೂ ಅದೇ ಪದ, ಗಾದಿಯ ಒಳಗಿರೋ ಸುರುಳಿಗೂ ಅದೇ. ವಸಂತಕ್ಕೆ ಆ ಹೆಸರು ಬಂದಿದ್ದು ಎಲೆ ಚಿಮ್ಮೋ ಕಾಲ ಅಂತ. ಅದರ ಎದುರಿಗೆ ಎಲೆ ಬೀಳೋ ಕಾಲ, ಫಾಲ್. ಹಳೇ ಇಂಗ್ಲೆಂಡಿನಲ್ಲಿ ಎರಡೂ ಇತ್ತು. ಆಮೇಲೆ ಇಂಗ್ಲೆಂಡಿನವರು ಫಾಲ್ ಬಿಟ್ಟು ಆಟಮ್ ಹಿಡಿದರು, ಅಮೆರಿಕಕ್ಕೆ ಹೋದವರು ಫಾಲ್ ಉಳಿಸಿಕೊಂಡರು.

ಇನ್ನು ಮೀನು. ‘ಇವತ್ತು ಬಂಗಡೆ ಭಾರೀ ಬಿತ್ತು’ ಅಂದ್ರೆ ನಮ್ಮಲ್ಲಿ ಸಂತೋಷದ ಸುದ್ದಿ. ಬಲೆಗೆ ಬೀಳೋದು. ಅದನ್ನೇ ಇಂಗ್ಲಿಷಿಗೆ ‘ಮ್ಯಾಕೆರೆಲ್ ಫೆಲ್’ ಅಂತ ಮಾಡಿದ್ರೆ ಓದಿದವರು ಮೀನು ಕಡಿಮೆ ಆಯ್ತು ಅಂತಲೋ, ದರ ಬಿತ್ತು ಅಂತಲೋ ತಿಳೀತಾರೆ. ಅವರ ಪದ ‘ಲ್ಯಾಂಡಿಂಗ್’. ಮೀನು ದಡ ಸೇರಿದ್ದು ಲೆಕ್ಕ. ತಮಾಷೆ ಏನಂದ್ರೆ ಕನ್ನಡದಲ್ಲಿ ಬಂಗಡೆ ಜಾಸ್ತಿ ಬಿದ್ದ ದಿನ ಬಂಗಡೆ ದರವೂ ಬೀಳುತ್ತೆ. ಒಂದು ಬಿದ್ದಿದ್ದಕ್ಕೆ ಖುಷಿ, ಇನ್ನೊಂದು ಬಿದ್ದಿದ್ದಕ್ಕೆ ಬೇಜಾರು, ಎರಡೂ ಒಂದೇ ಬುಟ್ಟಿಯಲ್ಲಿ.

ನೋಟಿಫಿಕೇಶನ್‌ಗಳಲ್ಲಿ ಬರೋ ಅಬ್ಬರದ ಪದಗಳನ್ನು ಬೇಗ ಮುಗಿಸಿಬಿಡ್ತೀನಿ. ‘ಸೋರ್’ ಅಂದ್ರೆ ರೆಕ್ಕೆ ಬಡಿಯದೆ ಗಾಳಿಯಲ್ಲಿ ತೇಲಿ ಏರೋದು, ಬಂದರಿನ ಮೇಲೆ ಗರುಡ ಸುತ್ತೋ ಹಾಗೆ. ‘ಪ್ಲಮಿಟ್’ ಅನ್ನೋದು ಸೀಸದ ಗುಂಡು. ಹಿಂದೆ ನಾವಿಕರು ಹಗ್ಗಕ್ಕೆ ಕಟ್ಟಿ ಆಳ ನೋಡೋಕೆ ನೀರಿಗೆ ಬಿಡ್ತಿದ್ದರು. ಶೇರು ‘ಪ್ಲಮಿಟ್’ ಆಯ್ತು ಅಂದ್ರೆ ಸೀಸದ ಹಾಗೆ ಮುಳುಗಿತು ಅಂತ. ‘ಸರ್ಜ್’ ಮೂಲದಲ್ಲಿ ಏಳೋದು, ಅಲೆ ಎದ್ದ ಹಾಗೆ. ಕ್ಯಾಬ್ ಆ್ಯಪಿನವರ ‘ಸರ್ಜ್’ ಜೇಬಿಗೆ ಕಷ್ಟ, ಅಷ್ಟೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗಿನ ‘ಸ್ಟಾರ್ಮ್ ಸರ್ಜ್’ ಎಚ್ಚರಿಕೆ ಬೇರೆಯೇ ಮಾತು. ಉಬ್ಬರದ ಲೆಕ್ಕಕ್ಕೆ ಸಿಗದೆ ಗಾಳಿ ತಳ್ಳಿಕೊಂಡು ಬರೋ ನೀರು ಅದು. ಆ ಎರಡು ಪದ ಫೋನಲ್ಲಿ ಕಂಡರೆ ದಡಕ್ಕೆ ಹೋಗಿ ರೀಲ್ಸ್ ಮಾಡಬೇಡಿ. ‘ಡಿಕ್ಲೈನ್’ ಅಂದ್ರೆ ಬಾಗಿ ಆಚೆ ತಿರುಗೋದು. ಅದಕ್ಕೇ ಜನಸಂಖ್ಯೆಯೂ ಡಿಕ್ಲೈನ್ ಆಗುತ್ತೆ, ಯುಪಿಐ ಪೇಮೆಂಟೂ ಡಿಕ್ಲೈನ್ ಆಗುತ್ತೆ. ಒಂದು ಇಳಿತ, ಇನ್ನೊಂದು ನಯವಾದ ‘ಬೇಡ’.

‘ಕೊಲ್ಯಾಪ್ಸ್’ ಪದಕ್ಕೆ ಮಾತ್ರ ಸ್ವಲ್ಪ ಹೊತ್ತು ಕೊಡಬೇಕು. ಲ್ಯಾಟಿನ್‌ನಲ್ಲಿ ಅದರ ಅರ್ಥ ಎಲ್ಲ ಒಟ್ಟಿಗೇ ಜಾರಿ ಬೀಳೋದು. ನಮ್ಮ ‘ಕುಸಿ’ಗೆ ಹತ್ತಿರ. ಕನ್ನಡ ಇಲ್ಲಿ ಶ್ರೀಮಂತ: ಎಲೆ ಉದುರುತ್ತೆ, ಮರ ಉರುಳುತ್ತೆ, ಹೆಂಚು ಜಾರುತ್ತೆ, ಮಣ್ಣು ಕುಸಿಯುತ್ತೆ. ಎಲ್ಲವೂ ಬೀಳೋದೇ, ಆದರೆ ಯಾವುದು ಹೇಗೆ ಬಿತ್ತು ಅಂತ ಪದವೇ ಹೇಳುತ್ತೆ. ಯಾರಿಂದ ಬಿತ್ತು ಅಂತ ಮಾತ್ರ ಇವು ಯಾವುದೂ ಹೇಳಲ್ಲ.

2024ರ ಜುಲೈ 16, ಅಂಕೋಲಾ ತಾಲೂಕಿನ ಶಿರೂರು. ಬೆಳಗಿನ ಹೊತ್ತು. ಹೆದ್ದಾರಿ ಪಕ್ಕದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿದ್ದ ಮನೆಮಂದಿ, ನಿಲ್ಲಿಸಿದ್ದ ವಾಹನಗಳು ಎಲ್ಲ ಗಂಗಾವಳಿ ನದಿಗೆ. ಕೇರಳದ ಒಬ್ಬ ಚಾಲಕನ ಲಾರಿ ನದಿಯೊಳಗೆ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ಕ್ಕೆ, ಒಳಗೆ ಅವನ ದೇಹದ ಜೊತೆ. ಅವತ್ತು ಆಗಿದ್ದನ್ನು ಇಂಗ್ಲಿಷಿನಲ್ಲಿ ‘ಲ್ಯಾಂಡ್‌ಸ್ಲೈಡ್’ ಅಂದರು, ನೆಲ ಜಾರಿದ್ದು. (ಚುನಾವಣೆಯ ಭರ್ಜರಿ ಗೆಲುವಿಗೂ ಅವರು ಇದೇ ಪದ ಬಳಸ್ತಾರೆ. ಆ ಜುಲೈ ಆದಮೇಲೆ ನನಗೆ ಅದು ಬಾಯಿಗೆ ಬರಲ್ಲ.) ಗುಡ್ಡ ಬಿದ್ದ ರಭಸಕ್ಕೆ ನದಿಯ ನೀರು ಎದ್ದು ಆಚೆ ದಡದ ಉಳುವರೆ ಊರಿನ ಮನೆಗಳಿಗೆ ನುಗ್ಗಿತು. ಈಚೆ ಒಂದು ಬಿತ್ತು, ಆಚೆ ಇನ್ನೊಂದು ಎದ್ದಿತು. ಉಳುವರೆಯವರ ಮಟ್ಟಿಗೆ ಅವತ್ತಿನ ಕ್ರಿಯಾಪದ ಫಾಲ್ ಅಲ್ಲ, ರೈಝ್.

ಗುಡ್ಡ ತಾನಾಗಿ ಕುಸಿಯಿತಾ? ಭಾರೀ ಮಳೆ ಇತ್ತು, ಅದು ನಿಜ. ಚತುಷ್ಪಥ ಹೆದ್ದಾರಿಗೆ ಅಂತ ಆ ಗುಡ್ಡದ ಬುಡ ಕಡಿದಿದ್ದೂ ನಿಜ. ಎರಡರಲ್ಲಿ ಯಾವುದಕ್ಕೆ ಎಷ್ಟು ಪಾಲು ಅಂತ ತೀರ್ಮಾನ ಮಾಡೋದು ವ್ಯಾಕರಣದ ಕೆಲಸ ಅಲ್ಲ, ಭೂವಿಜ್ಞಾನಿಗಳದ್ದು, ತನಿಖೆಯವರದ್ದು. ಆದರೆ ಅಂಕೋಲೆ, ಕುಮಟಾ ಕಡೆಯವರು ಮಾತಾಡೋದನ್ನು ಕೇಳಿ. ‘ಗುಡ್ಡ ಬಿತ್ತು’ ಅಂತ ಶುರು ಮಾಡಿದವರೂ ಎರಡನೇ ವಾಕ್ಯಕ್ಕೆ ‘ಕಡಿದ್ರಲ್ಲ’ ಅಂತ ಬರ್ತಾರೆ.

ಅದಾಗಿ ಮೂರು ವಾರ. ಆಗಸ್ಟ್ 7, ನಡುರಾತ್ರಿ ಕಳೆದು ಸ್ವಲ್ಪ ಹೊತ್ತು. ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವಿನ ಕಾಳಿ ನದಿಯ ಹಳೇ ಸೇತುವೆ ಬಿತ್ತು. ನಾಲ್ಕು ದಶಕ ಹಳೆಯದು. ಮಾಜಾಳಿಯವರಿಗೆ ಕಾರವಾರ ಅಂದ್ರೆ ಈ ಹೊಳೆ ದಾಟೋದು: ಕಾಲೇಜು, ಆಸ್ಪತ್ರೆ, ಡಿಸಿ ಆಫೀಸು, ಹುಬ್ಬಳ್ಳಿ ಬಸ್ಸು. ಗೋವಾ ಕಡೆಯಿಂದ ಬರ್ತಿದ್ದ ಒಂದು ಲಾರಿ ಸೇತುವೆಯ ಜೊತೆ ನೀರಿಗೆ ಹೋಯ್ತು. ಪಕ್ಕದ ಹೊಸ ಸೇತುವೆ ಉಳೀತು, ಆಮೇಲೆ ಎರಡೂ ಕಡೆಯ ವಾಹನ ಅದರ ಮೇಲೇ.

ಆ ಬೆಳಗ್ಗೆ ಇಂಗ್ಲಿಷ್ ಸೈಟುಗಳಲ್ಲಿ ಬರುವ ವಾಕ್ಯಗಳ ರೀತಿ ನಿಮಗೆ ಗೊತ್ತೇ ಇದೆ. ‘ಬ್ರಿಡ್ಜ್ ಕೊಲ್ಯಾಪ್ಸಸ್.’ ‘ಸ್ಪ್ಯಾನ್ ಗೇವ್ ವೇ.’ ‘ಟ್ರಕ್ ಫೆಲ್ ಇನ್‌ಟು ದಿ ರಿವರ್.’ ಸೇತುವೆ ತಾನೇ ಕುಸಿದಿದೆ, ತಾನೇ ದಾರಿ ಬಿಟ್ಟುಕೊಟ್ಟಿದೆ, ಲಾರಿ ತಾನೇ ಬಿದ್ದಿದೆ. ಮೂರು ಕ್ರಿಯಾಪದ, ಮಾಡಿದವರು ಯಾರೂ ಇಲ್ಲ. ಅದೇ ಸುದ್ದಿಯಲ್ಲಿ ಮುಂದೆ ಚಾಲಕನ ವಿಷಯ ಬರುತ್ತೆ. ಅವನು ಮುಳುಗುತ್ತಿದ್ದ ಲಾರಿಯ ಕ್ಯಾಬಿನ್ ಮೇಲೆ ಹತ್ತಿ ಕೂತಿದ್ದ, ಕತ್ತಲಲ್ಲಿ, ಮಳೆಗಾಲದ ತುಂಬಿದ ಕಾಳಿಯ ನಡುವೆ. ಅವನು ತಾನಾಗಿ ಮೇಲೆ ಬರಲಿಲ್ಲ. ಪೊಲೀಸರು ಮತ್ತು ಊರಿನ ಮೀನುಗಾರರು ದೋಣಿ ತಗೊಂಡು ಹೋಗಿ ಅವನನ್ನು ಎತ್ತಿಕೊಂಡು ಬಂದರು.

ಇವತ್ತಿಗೆ ಇಷ್ಟು. ಮುಂದಿನ ಕಂತಲ್ಲಿ ಮುರಿಯೋ ಪದಗಳು: ಬ್ರೇಕ್, ಕ್ರ್ಯಾಕ್, ಬರ್ಸ್ಟ್. ನಿಮ್ಮ ಆಫೀಸಿನ ಮೇಲ್‌ನಲ್ಲಿ ಏರಿದ್ದೋ ಏರಿಸಿದ್ದೋ ಅಂತ ಅನುಮಾನ ಬಂದ ವಾಕ್ಯ ಇದ್ರೆ ಹೆಸರು, ಕಂಪನಿ ಅಳಿಸಿ ಕಳಿಸಿ.